ಅಪ್ಪ ಲಿಂಗೈಕ್ಯ, ಅಮ್ಮ ಮಾಧ್ವರ ಮನೆಯ ಮಗಳು: ಸತ್ತ ಮೇಲೆ ಇಬ್ಬರೂ ಸಿಗುತ್ತಾರೆಯೇ?

ಗುಬ್ಬಿತೋಟ
ತಲೆಬರಹ ನೋಡಿ ನಗಬೇಡಿ. ಪ್ರಶ್ನೆ ನನ್ನದಲ್ಲ, ಅಮ್ಮನದು. ಅವಳಿಗೆ 78 ವರ್ಷ. ಅಪ್ಪ ಗುಬ್ಬಿ ತಾಲ್ಲೂಕಿನ ಲಿಂಗಾಯತರು, ಶಾಲಾ ಮೇಷ್ಟರು. ಅಮ್ಮ ಮುಳಬಾಗಿಲು ಕಡೆಯ ಮಾಧ್ವರ ಮನೆಯವಳು, ಅವಳೂ ಟೀಚರು. 1971ರಲ್ಲಿ ಮದುವೆಯಾದರು. ಎರಡೂ ಮನೆಯವರು ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆ ಕಥೆ ಇನ್ನೊಮ್ಮೆ.

ಅಪ್ಪ ಹೋಗಿ ಎಂಟು ವರ್ಷವಾಯಿತು. ನಮ್ಮ ತೋಟದಲ್ಲೇ, ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ. ಪಕ್ಕದಲ್ಲಿ ಅಮ್ಮ ಒಂದು ತೆಂಗಿನ ಸಸಿ ನೆಟ್ಟಳು. ದಿನಾ ಸಂಜೆ ಹೋಗಿ ಅದಕ್ಕೆ ಒಂದು ಬಿಂದಿಗೆ ನೀರು ಹಾಕಿ ಬರುತ್ತಾಳೆ. ಅದು ಹೊಂಬಾಳೆ ಬಿಟ್ಟು ಫಲಕ್ಕೂ ಬಂದಿದೆ.

ಕಳೆದ ವಾರ ತೋಟದಿಂದ ಬಂದು ಕಾಲು ತೊಳೆಯುತ್ತಾ ಕೇಳಿದಳು: "ನಿಮ್ಮಪ್ಪ ಲಿಂಗದಲ್ಲಿ ಸೇರಿಹೋದರು ಅನ್ನುತ್ತೀರಿ. ನನ್ನನ್ನು ಸುಡುತ್ತೀರಿ, ಪಿಂಡ ಹಾಕುತ್ತೀರಿ, ನಾನು ವೈತರಣಿ ದಾಟಿ ಎಲ್ಲಿಗೋ ಹೋಗುತ್ತೇನೆ. ಹಾಗಾದರೆ ನಾವಿಬ್ಬರೂ ಸಿಗುವುದು ಎಲ್ಲಿ?"

ನಾನು ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುವವನು. "ಮೊದಲು ಊಟ ಮಾಡಮ್ಮ" ಎಂದು ತಪ್ಪಿಸಿಕೊಂಡೆ. ನಿಮ್ಮ ನಿಮ್ಮ ಮನೆಗಳಲ್ಲಿ ಏನು ಹೇಳುತ್ತಾರೆ, ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ.

ತಿಪಟೂರು ಕೊಬ್ಬರಿ
ನಮ್ಮ ಮನೆಯಲ್ಲಿ ಬದುಕಿರುವಾಗಲೇ ಇಬ್ಬರೂ ಸಿಗುವುದಿಲ್ಲ. ಒಬ್ಬರು ತೋಟದಲ್ಲಿ, ಇನ್ನೊಬ್ಬರು ಧಾರಾವಾಹಿಯಲ್ಲಿ.

ವಚನಪ್ರಿಯ
ಶರಣರು ಈ ಪ್ರಶ್ನೆಯನ್ನೇ ತಲೆಕೆಳಗು ಮಾಡಿದರು. ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದರು ಬಸವಣ್ಣ. ಸ್ವರ್ಗ ಎಲ್ಲೋ ಮೇಲಿಲ್ಲ, ದಾಟಬೇಕಾದ ವೈತರಣಿಯೂ ಇಲ್ಲ. ಸಾವಿನ ಸೂತಕವನ್ನೂ ಒಪ್ಪಲಿಲ್ಲ, "ಮರಣವೇ ಮಹಾನವಮಿ" ಎಂದರು. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ನಾನು ಕ್ಯಾತ್ಸಂದ್ರದ ಕಡೆಯಿಂದ ಸಾಲಿನಲ್ಲಿ ನಿಂತು ಹೋದವನು. ಮುಂದೆ ನಿಂತಿದ್ದ ಒಬ್ಬ ಅಜ್ಜಿ "ಬುದ್ಧಿಯವರು ಎಲ್ಲಿಗೂ ಹೋಗಿಲ್ಲ, ಕೂತಿದ್ದಾರೆ ಅಷ್ಟೇ" ಎಂದರು. ನಿಮ್ಮ ತಾಯಿಗೆ ಅದನ್ನೇ ಹೇಳಿ.

ನರಸಿಂಹತೀರ್ಥ
ನಾನೂ ಮುಳಬಾಗಿಲಿನವನು, ಮಾಧ್ವ. ಸ್ವಲ್ಪ ಶಾಸ್ತ್ರ ಗೊತ್ತು, ಪೂರ್ತಿಯಲ್ಲ. ನಿಮ್ಮ ತಾಯಿಯ ಪ್ರಶ್ನೆ ನಿಜವಾಗಿಯೂ ಕಷ್ಟದ್ದು, ನಗುವಂಥದ್ದಲ್ಲ.

ನಮ್ಮ ಮಾಧ್ವರ ದ್ವೈತ ಸಿದ್ಧಾಂತದಲ್ಲಿ ಮೋಕ್ಷವಾದ ಮೇಲೂ ಜೀವ ಜೀವವಾಗಿಯೇ ಉಳಿಯುತ್ತದೆ. ದೇವರಲ್ಲಿ ಕರಗುವುದಿಲ್ಲ. ಒಂದು ಜೀವ ಇನ್ನೊಂದರಂತೆ ಇರುವುದೂ ಇಲ್ಲ, ಆನಂದದಲ್ಲಿಯೂ ತಾರತಮ್ಯವಿದೆ. ಅಂದರೆ ನಿಮ್ಮ ತಾಯಿ ಅಲ್ಲಿಯೂ ನಿಮ್ಮ ತಾಯಿಯ ಜೀವವೇ. ಆದರೆ ಲಿಂಗಾಯತರು ಹೇಳುವ ಲಿಂಗಾಂಗ ಸಾಮರಸ್ಯ ಎಂದರೆ ನೀರು ನೀರಿನಲ್ಲಿ ಬೆರೆತಂತೆ. ಅಲ್ಲಿ ನಿಮ್ಮ ತಂದೆಯನ್ನು ಬೇರೆಯಾಗಿ ತೋರಿಸುವುದು ಹೇಗೆ? ಭೇಟಿಯಾಗಲು ಇಬ್ಬರಿರಬೇಕಲ್ಲ! ನಿಮ್ಮ ತಾಯಿ ಗಂಡನ ಮನೆಯ ಸಿದ್ಧಾಂತವನ್ನೂ ತವರಿನ ಸಿದ್ಧಾಂತವನ್ನೂ ಎದುರುಬದುರು ಕೂರಿಸಿ ಕೇಳಿದ್ದಾರೆ. ಪಂಡಿತರು ನೂರಾರು ವರ್ಷ ವಾದ ಮಾಡಿದ್ದು ಇದನ್ನೇ.

ವಚನಪ್ರಿಯ
@ನರಸಿಂಹತೀರ್ಥ ಅದೇ ದ್ವೈತದಲ್ಲಿ ಕೆಲವು ಜೀವಗಳು ಮುಕ್ತಿಯೋಗ್ಯ, ಕೆಲವು ನಿತ್ಯಸಂಸಾರಿ (ಹುಟ್ಟುಸಾವಿನಲ್ಲೇ ಸುತ್ತುವವು), ಕೆಲವು ತಮೋಯೋಗ್ಯ (ಶಾಶ್ವತ ನರಕಕ್ಕೇ ತಕ್ಕವು) ಎಂಬ ವಿಂಗಡಣೆಯೂ ಇದೆಯಲ್ಲವೇ? ಅದನ್ನು ಏಕೆ ಬಿಟ್ಟಿರಿ? ಮೂರನೆಯ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಅಜ್ಜಿಗೆ ಹೇಳಲು ಸಂಕೋಚವೇ?

ನರಸಿಂಹತೀರ್ಥ
ಸಂಕೋಚವೇ. 78 ವರ್ಷದವರ ಮುಂದೆ ಹೇಳುವ ಮಾತಲ್ಲ ಎಂದು ಬಿಟ್ಟೆ. ಯಾವ ಜೀವ ಯಾವುದು ಎಂದು ನಿರ್ಧರಿಸುವುದಕ್ಕೆ ನಾನು ಯಾರು?

ಗೌರಿಬಿದನೂರು ಗಣಿತ
ಎರಡು ಸಿದ್ಧಾಂತಗಳ ಜಗಳ ಮುಗಿದಿದ್ದರೆ ಮೂರನೆಯದನ್ನು ಹೇಳುತ್ತೇನೆ. ಮಿದುಳಿಗೆ ರಕ್ತ ನಿಂತರೆ ಎಲ್ಲವೂ ನಿಂತಿತು. ನಮ್ಮ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ಮಾಡಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದರು.

ಆತ್ಮಕ್ಕೆ 21 ಗ್ರಾಂ ತೂಕ ಎಂದು ವಾಟ್ಸ್‌ಆ್ಯಪ್‌ನಲ್ಲಿ ತಿರುಗುತ್ತದಲ್ಲ, ಅದರ ಮೂಲ 1907ರಲ್ಲಿ ಅಮೆರಿಕದ ಮ್ಯಾಕ್‌ಡೂಗಲ್ ಎಂಬ ವೈದ್ಯ ಪ್ರಕಟಿಸಿದ ಪ್ರಯೋಗ. ಸಾಯುತ್ತಿದ್ದ ಆರೇ ಆರು ರೋಗಿಗಳನ್ನು ತಕ್ಕಡಿಯ ಮೇಲೆ ಮಲಗಿಸಿದ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದಲಿಲ್ಲ. ಅವುಗಳಲ್ಲಿ ಒಂದನ್ನು ಜಗತ್ತು ಹಿಡಿದುಕೊಂಡಿತು. ಹದಿನೈದು ನಾಯಿಗಳನ್ನೂ ತೂಗಿದ, ಅವುಗಳಲ್ಲಿ ಏನೂ ಕಡಿಮೆಯಾಗಲಿಲ್ಲ, ಆದ್ದರಿಂದ ನಾಯಿಗೆ ಆತ್ಮವಿಲ್ಲ ಎಂದ.

ರೇಷ್ಮೆಗೂಡು
ನಾಯಿಗೆ ಆತ್ಮವಿಲ್ಲ ಎಂದವನು ನಾಯಿ ಸಾಕಿರಲಿಲ್ಲ ಅನಿಸುತ್ತದೆ.

ಬಂಗಾರಪೇಟೆ ಹಳಬ
@ಗೌರಿಬಿದನೂರು ಗಣಿತ ಸತ್ತು ಬದುಕಿದವರ ಮಾತಿಗೆ ಏನು ಹೇಳುತ್ತೀರಿ? ನಮ್ಮ ದೊಡ್ಡಪ್ಪನನ್ನು ಚಟ್ಟಕ್ಕೆ ಏರಿಸುವ ಹೊತ್ತಿಗೆ ಕೆಮ್ಮಿದರು. ಇಬ್ಬರು ಕಪ್ಪನೆಯವರು ಕರೆದೊಯ್ದರಂತೆ, ಅಲ್ಲಿ ಪುಸ್ತಕ ನೋಡಿದವನು "ಇವನಲ್ಲ, ಅದೇ ಹೆಸರಿನ ಪಕ್ಕದೂರಿನವನು" ಎಂದು ಬೈದು ವಾಪಸು ಕಳಿಸಿದನಂತೆ. ಮಾರನೆಯ ದಿನ ಪಕ್ಕದೂರಿನಲ್ಲಿ ಅದೇ ಹೆಸರಿನವನು ಹೋದ. ಇದು ನಾನು ಕಣ್ಣಾರೆ ಕಂಡದ್ದು.

ಗೌರಿಬಿದನೂರು ಗಣಿತ
ಕಣ್ಣಾರೆ ಕಂಡದ್ದು ಕೆಮ್ಮು ಮಾತ್ರ. ಉಳಿದದ್ದು ಕಿವಿಯಾರೆ.

ಆದರೂ ನಿಮ್ಮ ದೊಡ್ಡಪ್ಪ ಒಬ್ಬರೇ ಅಲ್ಲ. ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಅವರು ಅಮೆರಿಕದ ಇಯಾನ್ ಸ್ಟೀವನ್‌ಸನ್ ಜೊತೆ 1986ರಲ್ಲಿ ಇಂಥ ಭಾರತೀಯ ಪ್ರಕರಣಗಳ ಬಗ್ಗೆ ಬರೆದಿದ್ದಾರೆ. ನಮ್ಮವರು ಹೆಚ್ಚಾಗಿ ಹೇಳುವುದು ಇದೇ ಕಥೆ: ಯಮದೂತರು ಬಂದರು, ಹೆಸರು ತಪ್ಪಾಯಿತು, ಬಿಟ್ಟರು. ಅಮೆರಿಕದವರಿಗೆ ಇಂಥ ಹೆಸರಿನ ಎಡವಟ್ಟು ಆಗುವುದೇ ಇಲ್ಲ. ಅವರವರ ಮಿದುಳು ಅವರವರ ಊರಿನ ಕಥೆಯನ್ನೇ ಹೇಳುತ್ತದೆ ಎನ್ನಲು ಇನ್ನೇನು ಬೇಕು?

ಮಾಲೂರು ಹೆಂಚು
ಯಮಲೋಕದಲ್ಲೂ ಪಹಣಿ ತಿದ್ದುಪಡಿ! ಅಲ್ಲಿ ಒಂದೇ ದಿನದಲ್ಲಿ ಆಗಿದೆ, ನನ್ನದು ಇಲ್ಲಿ ನಾಲ್ಕು ವರ್ಷದಿಂದ ಬಾಕಿ.

ನರಸಿಂಹತೀರ್ಥ
@ಗೌರಿಬಿದನೂರು ಗಣಿತ ವಿಜ್ಞಾನ ಈ ಪುಸ್ತಕವನ್ನು ಮುಚ್ಚಿಲ್ಲ ಎಂದೂ ಹೇಳಿ. ಸ್ಯಾಮ್ ಪಾರ್ನಿಯಾ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ನಿಂತು ಬದುಕಿದವರಲ್ಲಿ ಒಬ್ಬರು ತಮ್ಮ ಸುತ್ತ ನಡೆದುದನ್ನು ಸರಿಯಾಗಿ ಹೇಳಿದರು.

ಗೌರಿಬಿದನೂರು ಗಣಿತ
2,060 ಹೃದಯಸ್ತಂಭನಗಳಲ್ಲಿ ಒಬ್ಬರು. ದೇಹದಿಂದ ಹೊರಬಂದು ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಹಲಗೆಗಳ ಮೇಲೆ ಚಿತ್ರ ಇಟ್ಟಿದ್ದರು. ಆ ಚಿತ್ರ ಕಂಡವರು ಒಬ್ಬರೂ ಇಲ್ಲ. ಇದನ್ನೂ ಅಜ್ಜಿಗೆ ಓದಿ ಹೇಳಿ.

ಚಾಂಪಿಯನ್ ರೀಫ್
ಕೆ.ಜಿ.ಎಫ್.ನಿಂದ. ನಾವು ಕ್ರೈಸ್ತರು. ಅಮ್ಮನವರ ಪ್ರಶ್ನೆಯನ್ನು ಯೇಸುವಿಗೇ ಕೇಳಿದ್ದರು, ಬೈಬಲಿನಲ್ಲಿದೆ. ಪುನರುತ್ಥಾನವನ್ನು ನಂಬದ ಸದ್ದುಕಾಯರು ಗೇಲಿ ಮಾಡಲು ಬಂದರು. ಏಳು ಜನ ಅಣ್ಣತಮ್ಮಂದಿರು, ಒಬ್ಬ ಸತ್ತ ಮೇಲೆ ಇನ್ನೊಬ್ಬನಂತೆ ಒಬ್ಬಳನ್ನೇ ಮದುವೆಯಾದರು, ಎಲ್ಲರೂ ಸತ್ತರು. ಎದ್ದು ಬರುವಾಗ ಅವಳು ಯಾರ ಹೆಂಡತಿ? ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ, ದೇವದೂತರಂತೆ ಇರುತ್ತಾರೆ ಎಂಬುದು ಯೇಸುವಿನ ಉತ್ತರ. ನಮ್ಮಜ್ಜಿಗೆ ಈ ಉತ್ತರ ಇಷ್ಟವೇ ಇರಲಿಲ್ಲ. ಪ್ರತಿ ನವೆಂಬರ್ 2ಕ್ಕೆ ತಾತನ ಸಮಾಧಿ ತೊಳೆದು, ಮೇಣದ ಬತ್ತಿ ಹಚ್ಚಿ, "ದೇವದೂತನಾಗಿದ್ದರೂ ಸರಿ, ಗೊರಕೆ ಬಿಟ್ಟಿದ್ದಾನೋ ಇಲ್ಲವೋ" ಎನ್ನುತ್ತಿದ್ದಳು.

ನರಕದ ವಿಷಯ ತಾತನ ಹತ್ತಿರ ಯಾರೂ ಎತ್ತುತ್ತಿರಲಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಮುಟ್ಟಿದರೆ ಕೈ ಸುಡುವ ಬಂಡೆಯ ಪಕ್ಕ ಕೆಲಸ ಮಾಡಿದವರು. "ಸಂಬಳ ಕೊಡುವ ನರಕ ನೋಡಿದ್ದೇನೆ, ಕೊಡದಿರುವುದಕ್ಕೆ ಹೋಗುವುದಿಲ್ಲ" ಎನ್ನುತ್ತಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಅದೇ ವರ್ಷ ತಾತನೂ ಹೋದರು.

ಶಿರಾ ಸೀಬೆ
ನಮ್ಮಲ್ಲಿ ಸತ್ತ ಕೂಡಲೇ ಸ್ವರ್ಗ, ನರಕ ಯಾವುದೂ ಇಲ್ಲ. ಕಯಾಮತ್‌ವರೆಗೆ (ಅಂತಿಮ ತೀರ್ಪಿನ ದಿನದವರೆಗೆ) ಬರ್ಜಖ್, ಅಂದರೆ ನಡುವಿನ ತೆರೆ. ಮಣ್ಣು ಕೊಟ್ಟವರು ಹಿಂತಿರುಗುವ ಹೆಜ್ಜೆಯ ಸದ್ದು ಸತ್ತವರಿಗೆ ಕೇಳಿಸುತ್ತದೆ ಎನ್ನುತ್ತಾರೆ. ಆಮೇಲೆ ಮುನ್ಕರ್, ನಕೀರ್ ಎಂಬ ಇಬ್ಬರು ಫರಿಶ್ತೆಗಳು (ದೇವದೂತರು) ಬಂದು ಎಬ್ಬಿಸಿ ಕೂರಿಸಿ ಮೂರು ಪ್ರಶ್ನೆ ಕೇಳುತ್ತಾರೆ: ನಿನ್ನ ಒಡೆಯ ಯಾರು, ನಿನ್ನ ಧರ್ಮ ಯಾವುದು, ನಿನ್ನ ಪ್ರವಾದಿ ಯಾರು. ನೋಡಿ, ನಿಮ್ಮ ತಂದೆ ಮೊದಲೇ ಕೂತಿದ್ದಾರೆ, ನಮ್ಮವರನ್ನು ಎಬ್ಬಿಸಿ ಕೂರಿಸಬೇಕು.

ಗಂಡ ಹೆಂಡತಿ ಒಳ್ಳೆಯವರಾಗಿದ್ದರೆ ಜನ್ನತ್‌ನಲ್ಲಿ ಜೊತೆಗೇ ಇರುತ್ತಾರೆ ಎಂದು ಕುರಾನಿನಲ್ಲಿದೆ. ನಮ್ಮ ಅಮ್ಮಿ ಅದನ್ನು ಹೇಳುವಾಗ ಅಬ್ಬಾ ಮೆಲ್ಲನೆ ಎದ್ದು ಹೊರಗೆ ಹೋಗುತ್ತಿದ್ದರು!

ಮಂದರಗಿರಿ
ಜೈನರಲ್ಲಿ ಈ ಕಾಯುವಿಕೆಯೇ ಇಲ್ಲ. ಜೀವ ಒಂದು ದೇಹ ಬಿಟ್ಟ ಕೆಲವೇ ಸಮಯಗಳಲ್ಲಿ ಇನ್ನೊಂದನ್ನು ಸೇರುತ್ತದೆ, 'ಸಮಯ' ಎಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕದು. ನೀವು ಪಿಂಡಕ್ಕೆ ಅಕ್ಕಿ ತೊಳೆಯುವ ಹೊತ್ತಿಗೆ ಅವರು ಎಲ್ಲೋ ಗರ್ಭದಲ್ಲಿರುತ್ತಾರೆ. ಆದ್ದರಿಂದ ಪಿಂಡವೂ ಇಲ್ಲ.

ರೇಷ್ಮೆಗೂಡು
ಹಾಗಾದರೆ ನನ್ನ ಮಗಳ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ. ಮಹಾಲಯ ಅಮಾವಾಸ್ಯೆಗೆ ತಾತನಿಗೆ ಎಡೆ ಇಟ್ಟಿದ್ದೆವು. ಮುದ್ದೆ, ಮಟನ್ ಸಾರು, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಮೂಲೆಯಲ್ಲಿ ಕಾಲು ಬಾಟಲಿ. ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಂತಿದ್ದೆವು. ಮಗಳು ಕೇಳಿದಳು: "ತಾತ ಮತ್ತೆ ಹುಟ್ಟಿದ್ದಾರೆ ಅಂದೆಯಲ್ಲ, ಈಗ ಒಂದನೇ ಕ್ಲಾಸಿನಲ್ಲಿರಬೇಕು, ಬೀಡಿ ಯಾರು ಸೇದುತ್ತಾರೆ?" ನನ್ನ ಅತ್ತೆ ಅವಳ ತಲೆಗೆ ಮೊಟಕಿದರು. ಆಮೇಲೆ ತಾವೇ ನಕ್ಕರು.

ಗೌರಿಬಿದನೂರು ಗಣಿತ
ನಿಮ್ಮ ಮಗಳು ಚಾರ್ವಾಕರ ಕುಲದವಳು. ಇಲ್ಲಿ ಇಟ್ಟ ಊಟ ಪರಲೋಕಕ್ಕೆ ತಲುಪುವುದಾದರೆ ಊರಿಗೆ ಹೊರಟವನಿಗೆ ಬುತ್ತಿ ಏಕೆ ಕಟ್ಟುತ್ತೀರಿ, ಮನೆಯಲ್ಲೇ ಯಾರಿಗಾದರೂ ಬಡಿಸಿದರೆ ಸಾಲದೇ ಎಂದು ಕೇಳಿದವರು ಅವರು.

ಬಂಗಾರಪೇಟೆ ಹಳಬ
ಎಡೆ ತಲುಪುತ್ತದೆ. ಆ ರಾತ್ರಿ ಕಾಲು ಬಾಟಲಿ ಖಾಲಿಯಾಗಿರುತ್ತದೆ, ನೋಡಿ ಬೇಕಾದರೆ.

ರೇಷ್ಮೆಗೂಡು
ಅದು ಯಾರಿಗೆ ತಲುಪುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಮೈದುನ.

ಈ ನಂಬಿಕೆಗಳಲ್ಲಿ ನಗು ಬಾರದ ಒಂದು ಇದೆ. ನಮ್ಮಜ್ಜಿ ಧನಿಷ್ಠಾ ಪಂಚಕದಲ್ಲಿ ಹೋದರು, ಧನಿಷ್ಠೆಯ ಕೊನೆಯ ಅರ್ಧದಿಂದ ರೇವತಿಯವರೆಗಿನ ನಕ್ಷತ್ರಗಳು. ಜೋಯಿಸರು ಆರು ತಿಂಗಳು ಮನೆ ಬಿಡಿ ಎಂದರು. ಬಾಗಿಲಿಗೆ ಜಾಲಿ ಮುಳ್ಳು ಬಡಿದು, ರೇಷ್ಮೆ ಹುಳುವಿನ ತಟ್ಟೆಗಳನ್ನು ಹೊತ್ತುಕೊಂಡು ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ಹುಡುಕಿದೆವು. ಕಾರಣ ಕೇಳಿ ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ಐದನೆಯವರಿಗೆ ಸುಳ್ಳು ಹೇಳಿದೆವು. ಹುಳುವಿಗೆ ಆ ಮನೆಯ ಗಾಳಿ ಒಗ್ಗಲಿಲ್ಲ, ಆ ಬೆಳೆ ಪೂರ್ತಿ ಹೋಯಿತು. ಆರು ತಿಂಗಳ ಮೇಲೆ ಮುಳ್ಳು ಕಿತ್ತು ಒಳಗೆ ಹೋದರೆ, ಅಜ್ಜಿಯ ಎಲೆಅಡಿಕೆ ಚೀಲ ಮೊಳೆಯಲ್ಲೇ ತೂಗಾಡುತ್ತಿತ್ತು. ಅಡಿಕೆಯನ್ನು ಇಲಿ ತಿಂದಿತ್ತು, ಸುಣ್ಣದ ಡಬ್ಬಿ ಹಾಗೆಯೇ ಇತ್ತು. ಅಮ್ಮ ಅದನ್ನು ಹಿಡಿದುಕೊಂಡು ಅತ್ತಳು, "ಒಬ್ಬಳನ್ನೇ ಕೂಡಿಹಾಕಿ ಹೋದೆವಲ್ಲ" ಎಂದು. ಅಜ್ಜಿ ದೆವ್ವವಾಗುತ್ತಾಳೆ ಎಂದು ಹೆದರಿ ಓಡಿದ್ದವರು ನಾವೇ.

ಶಿರಾ ಸೀಬೆ
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಮಾಲೂರು ಹೆಂಚು
ಪ್ರಶ್ನೆಗೆ ನೇರ ಉತ್ತರ ನಮ್ಮೂರ ಕೆರೆ ಏರಿಯ ಮೇಲಿದೆ. ನಮ್ಮ ಕಡೆ ಎಲ್ಲಿ ನೋಡಿದರೂ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಒಂದು ಕಲ್ಲಿನಲ್ಲಿ ಪಕ್ಕದಲ್ಲೇ ಬಳೆ ತೊಟ್ಟ ಕೈ ಎತ್ತಿದ ಹೆಂಗಸೂ ಇದ್ದಾಳೆ. ಮೇಲಿನ ಪಟ್ಟಿಯಲ್ಲಿ ಇಬ್ಬರೂ ಜೊತೆಗೆ ಕೂತಿದ್ದಾರೆ. ಸಿಕ್ಕರಲ್ಲ!

ಚಾಂಪಿಯನ್ ರೀಫ್
@ಮಾಲೂರು ಹೆಂಚು ಅದು ಮಾಸ್ತಿಗಲ್ಲು. ಅವಳು ಮೇಲಿನ ಪಟ್ಟಿಗೆ ಹೋದದ್ದು ಹೇಗೆ ಎಂದು ಗೊತ್ತಿದ್ದೂ ಹೀಗೆ ಬರೆಯುತ್ತೀರಾ? ಗಂಡನ ಚಿತೆಯಲ್ಲಿ ಬೆಂದು. ಒಬ್ಬ ಅಜ್ಜಿಗೆ ಓದಿ ಹೇಳುವ ಉದಾಹರಣೆಯೇ ಇದು?

ಮಾಲೂರು ಹೆಂಚು
ಕಲ್ಲಿನಲ್ಲಿರುವುದನ್ನು ಹೇಳಿದೆ, ಮಾಡಿ ಎಂದು ಹೇಳಲಿಲ್ಲ. ಆದರೂ ಯೋಚಿಸದೆ ಬರೆದೆ. ಒಪ್ಪಿದೆ.

ತಿಪಟೂರು ಕೊಬ್ಬರಿ
ನಾನೊಂದು ಬೇರೆ ಮಾತು ಕೇಳುತ್ತೇನೆ. ಇಷ್ಟು ವರ್ಷ ಕೇಳದಿದ್ದ ಪ್ರಶ್ನೆಯನ್ನು ತಾಯಿ ಈಗ ಏಕೆ ಕೇಳಿದರು? ತೋಟ ಯಾರ ಹೆಸರಿನಲ್ಲಿದೆ?

ಗುಬ್ಬಿತೋಟ
@ತಿಪಟೂರು ಕೊಬ್ಬರಿ ನೀವು ಊರಿನವರೇ ಸರಿ, ಮೂಗು ಚುರುಕು. ಬರೆಯಬಾರದು ಎಂದುಕೊಂಡಿದ್ದೆ. ತೋಟ ಇನ್ನೂ ಜಂಟಿಯಲ್ಲಿದೆ. ಹೋದ ತಿಂಗಳು ಭಾಗದ ಮಾತು ಬಂದಾಗ ಚಿಕ್ಕಪ್ಪ, "ಅಣ್ಣನ ಗದ್ದುಗೆಯ ಪಕ್ಕ ಲಿಂಗವಿಲ್ಲದವರನ್ನು ಇಡುವುದು ಬೇಡ" ಎಂದರು. ಅಮ್ಮ ಒಳಗೆ ಕಾಫಿ ಸೋಸುತ್ತಿದ್ದಳು. ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಗಿದ್ದು ಅವಳು ಪ್ರಶ್ನೆ ಕೇಳಿದಾಗ.

ವಚನಪ್ರಿಯ
ನಿಮ್ಮ ಚಿಕ್ಕಪ್ಪನ ಮಾತು ಶರಣರ ಮಾತಲ್ಲ. ಬೇಕಿದ್ದರೆ ತಾಯಿಗೆ ಲಿಂಗದೀಕ್ಷೆ ಕೊಡಿಸಿ. ಹೆಣ್ಣು ಗಂಡು, ಜಾತಿ ಯಾವುದೂ ಅಡ್ಡಿಯಿಲ್ಲ. ಚಿಕ್ಕಪ್ಪ ಆಮೇಲೆ ಬಾಯಿ ತೆರೆಯಲಿ ನೋಡೋಣ.

ನರಸಿಂಹತೀರ್ಥ
ಬಾಯಿ ಮುಚ್ಚಿಸಲು ದೀಕ್ಷೆಯೇ? ಇದಕ್ಕಿಂತ ಬೇರೆ ದಾರಿಯಿದೆ. ಸನ್ಯಾಸಿಗಳು ಅಗ್ನಿಯನ್ನು ಬಿಟ್ಟವರು, ಅವರನ್ನು ಸುಡುವುದಿಲ್ಲ. ನಮ್ಮ ಮಾಧ್ವ ಯತಿ ಶ್ರೀಪಾದರಾಜರು ಇಲ್ಲಿ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಬೃಂದಾವನದಲ್ಲಿದ್ದಾರೆ, ಅಂದರೆ ಮಣ್ಣಿನಲ್ಲೇ. ನಿಮ್ಮ ತಾಯಿ ಚಿಕ್ಕಂದಿನಲ್ಲಿ ಅಲ್ಲಿ ಪ್ರದಕ್ಷಿಣೆ ಹಾಕಿಯೇ ಇರುತ್ತಾರೆ. ಗೃಹಸ್ಥರಿಗೆ ಈ ಪದ್ಧತಿಯಿಲ್ಲ, ನಿಜ. ಆದರೆ ಮಣ್ಣಿಗೆ ಹೋದರೆ ತವರಿನವರಿಗೆ ಅಪಚಾರ ಎಂಬ ಅಂಜಿಕೆ ಅವರಿಗಿದ್ದರೆ, ಇದನ್ನು ನೆನಪಿಸಿ.

ಶಿರಾ ಸೀಬೆ
ದೇಹ ಒಂದೇ ಕಡೆ ಇರಬೇಕೆಂದೂ ಇಲ್ಲ. ಹೈದರಾಲಿ 1782ರಲ್ಲಿ ತೀರಿಕೊಂಡಾಗ ಮೊದಲು ಕೋಲಾರದಲ್ಲಿ ಅವನ ತಂದೆಯ ಗೋರಿಯ ಹತ್ತಿರ ಇಟ್ಟು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು.

ಮಾಲೂರು ಹೆಂಚು
ಅವನಿಗೆ ಭಾಗದ ತಕರಾರು ಇರಲಿಲ್ಲ.

ಗೌರಿಬಿದನೂರು ಗಣಿತ
ನನ್ನ ಸಲಹೆ ಬೇರೆ. ನೇತ್ರದಾನ ಮಾಡಿಸಿ. ಸತ್ತ ಆರು ಗಂಟೆಯೊಳಗೆ ತೆಗೆಯಬೇಕು, ಹತ್ತಿರದ ನೇತ್ರಭಂಡಾರದ ಸಂಖ್ಯೆ ಮೊದಲೇ ಇಟ್ಟುಕೊಳ್ಳಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಸತ್ತ ಮೇಲೆ ಏನೋ ಉಳಿಯುತ್ತದೆ ಎಂದು ನಾನು ಒಪ್ಪುವುದಾದರೆ ಇಷ್ಟನ್ನು ಮಾತ್ರ.

ಗುಬ್ಬಿತೋಟ
ನಿನ್ನೆ ರಾತ್ರಿ ಕರೆಂಟು ಹೋಗಿತ್ತು. ಎಲ್ಲವನ್ನೂ ಮೊಬೈಲಿನಿಂದ ಓದಿ ಹೇಳಿದೆ. ಮಾಸ್ತಿಗಲ್ಲು ಬಿಟ್ಟು.

ಏಳು ಗಂಡಂದಿರ ಕಥೆಗೆ ಅಮ್ಮ ತುಂಬಾ ನಕ್ಕಳು. "ಒಬ್ಬರದ್ದೇ ಸಾಕಾಗಿತ್ತು" ಎಂದಳು. ಧನಿಷ್ಠಾ ಪಂಚಕದ ಅಜ್ಜಿಯ ಸುಣ್ಣದ ಡಬ್ಬಿಯನ್ನು ಈಗ ಯಾರು ಇಟ್ಟುಕೊಂಡಿದ್ದಾರೆ ಎಂದು ಕೇಳಲು ಹೇಳಿದ್ದಾಳೆ. ದೀಕ್ಷೆಗೆ ಒಪ್ಪಲಿಲ್ಲ: "ಐವತ್ತು ವರ್ಷ ಅವರು ಕೇಳಲಿಲ್ಲ. ಈಗ ನಿಮ್ಮ ಚಿಕ್ಕಪ್ಪನಿಗೆ ತೋರಿಸಲು ಗುರುತಿನ ಚೀಟಿಯೇ?" ನರಸಿಂಹತೀರ್ಥದ ಮಾತು ಬಂದಾಗ ಸುಮ್ಮನಾದಳು. ಆಮೇಲೆ, ಅಲ್ಲಿ ಕೊಳದ ಮೆಟ್ಟಿಲಲ್ಲಿ ಜಾರಿ ಬಿದ್ದು ಹಲ್ಲು ಮುರಿದುಕೊಂಡ ಕಥೆ ಹೇಳಿದಳು. ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಹೇಳಿದ್ದು ಇಷ್ಟು: ಸುಡಿ. ಬೂದಿಯಲ್ಲಿ ಅರ್ಧ ಮುಳಬಾಗಿಲಿಗೆ ಒಯ್ದು ಬಿಡಿ, ಅರ್ಧ ಆ ತೆಂಗಿನ ಮರಕ್ಕೆ ಹಾಕಿ. "ಮರದ ಬೇರು ಇಷ್ಟು ಹೊತ್ತಿಗೆ ಅವರನ್ನು ಮುಟ್ಟಿರುತ್ತದೆ. ಮರಕ್ಕೆ ಗೊಬ್ಬರ ಹಾಕಬೇಡ ಅನ್ನಲು ನಿಮ್ಮ ಚಿಕ್ಕಪ್ಪನಿಗೂ ಬಾಯಿ ಬರುವುದಿಲ್ಲ."

ನೇತ್ರದಾನಕ್ಕೆ ಮಾತ್ರ ಇನ್ನೂ ಯೋಚನೆಯಲ್ಲಿದ್ದಾಳೆ. "ಕಣ್ಣು ಕೊಟ್ಟುಬಿಟ್ಟರೆ ಅಲ್ಲಿ ನಿಮ್ಮಪ್ಪನನ್ನು ಗುರುತು ಹಿಡಿಯುವುದು ಹೇಗೆ?" ಎಂದಳು.

ಗೌರಿಬಿದನೂರು ಗಣಿತ
ತೆಗೆದು ಇನ್ನೊಬ್ಬರಿಗೆ ಹಾಕುವುದು ಕಾರ್ನಿಯಾ ಎಂಬ ಮೇಲಿನ ಪಾರದರ್ಶಕ ಪೊರೆಯನ್ನು ಎಂದು ಹೇಳಿ.

ನರಸಿಂಹತೀರ್ಥ
ಅವರಾಗಿದ್ದರೆ ಗೊರಕೆಯಿಂದಲೇ ಗುರುತು ಹಿಡಿಯುತ್ತಾರೆ ಬಿಡಿ. ಕೆ.ಜಿ.ಎಫ್. ಅಜ್ಜಿಯ ಹಾಗೆ.

ರೇಷ್ಮೆಗೂಡು
ಸುಣ್ಣದ ಡಬ್ಬಿ ನನ್ನ ಹತ್ತಿರವೇ ಇದೆ. ಗುಂಡಿಗಳನ್ನು ಹಾಕಿಟ್ಟಿದ್ದೇನೆ.

ತಿಪಟೂರು ಕೊಬ್ಬರಿ
ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ತೆಂಗಿಗೆ ಒಳ್ಳೆಯದೇ. ಆದರೆ ಯಾವುದನ್ನೇ ಆಗಲಿ ಕಾಂಡಕ್ಕೆ ತಾಗಿಸಿ ಹಾಕಬಾರದು, ನಾಲ್ಕೈದು ಅಡಿ ದೂರದಲ್ಲಿ ಸುತ್ತಲೂ ಪಾತಿ ಮಾಡಿ ಹಾಕಬೇಕು. ಅದು ಹೋಗಲಿ, ಎಂಟು ವರ್ಷದ ಮರ ಎಂದಿರಲ್ಲ, ತಿಪಟೂರು ಟಾಲ್ ತಳಿಯೋ, ಗಿಡ್ಡ ತಳಿಯೋ? ಗೊನೆಗೆ ಎಷ್ಟು ಕಾಯಿ ಹಿಡಿಯುತ್ತಿದೆ?

ಗುಬ್ಬಿತೋಟ
ಟಾಲ್. ಹದಿನಾಲ್ಕು, ಹದಿನೈದು. ಈ ವರ್ಷ ನುಸಿ ಇದೆ, ಏನು ಹೊಡೆಯಬೇಕು?